ಕುಣಿದದ್ದು ನಾನಾ?

ಆಗಸ್ಟ್ 3, 2004. ಬರೋಡ, ಆಸ್ಪತ್ರೆ. ಬೆಳಿಗ್ಗೆ 10

ಇವತ್ತು ಒಂಬತ್ತು ಸಾಲು ಆಗಬೇಕು. ನಿನ್ನೆ ಎಂಟು. ಕೈ ಎಕ್ಸರ್‌ಸೈಜ್ ಮೇಡಂ ಬಂದು ಎಣಿಸುತ್ತಾರೆ. ಅವರಿಗೆ ಕನ್ನಡ ಬಾರದು. ಸಾಲು ಎಣಿಸಿ, "ವೆರಿ ಗುಡ್, ವಾಮನ್" ಎಂದು ಟಿಕ್ ಹಾಕಿ ಹೋಗುತ್ತಾರೆ. ಹಾಗಾಗಿ ಏನು ಬೇಕಾದರೂ ಬರೆಯಬಹುದು. ಏಳನೇ ಕ್ಲಾಸ್ ಬಿಟ್ಟ ಮೇಲೆ ಇಷ್ಟು ಬರೆದದ್ದೇ ಇಲ್ಲ.

ಬಲಗೈಯ ಕೊನೆಯ ಎರಡು ಬೆರಳು ಇನ್ನೂ ಅಂಗೈ ಬಿಟ್ಟು ಏಳುವುದಿಲ್ಲ. ಹೊಸದಾಗಿ ಮದುವೆಯಾದವರ ಹಾಗೆ ಅಂಟಿಕೊಂಡಿವೆ. ಹದಿನೆಂಟು ವರ್ಷ ಫೌಜಿನ ಲಂಗರಿನಲ್ಲಿ, ಅಂದರೆ ಅಡುಗೆಮನೆಯಲ್ಲಿ, ನೂರಿಪ್ಪತ್ತು ಜನರ ದಾಲ್ ತಿರುವಿದ ಕೈ. ಈಗ ಸೌಟು ಹಿಡಿದರೆ ಸೌಟೇ ನನ್ನನ್ನು ತಿರುವುತ್ತದೆ.

ನಾಳಿದ್ದು ಬೋರ್ಡ್. ಮೂರು ಡಾಕ್ಟರು ಕೂತು ನೋಡುತ್ತಾರೆ — ಎಷ್ಟು ಪರ್ಸೆಂಟ್ ಕೆಟ್ಟಿದ್ದೇನೆ, ಡ್ಯೂಟಿಯಿಂದ ಕೆಟ್ಟೆನೋ ನಾನಾಗಿಯೇ ಕೆಟ್ಟೆನೋ ಅಂತ. ಆಮೇಲೆ ಮನೆಗೆ.

ನಮ್ಮ ಯೂನಿಟ್ಟಿನ ಡ್ರೈವರ್ ಭೀಮಸೇನನಿಗೆ ಎರಡು ವರ್ಷದ ಹಿಂದೆ ನಲವತ್ತು ಕೊಟ್ಟು ಕಳಿಸಿದರು. ಲಾರಿ ಮಗುಚಿ ಬೆನ್ನು ಹೋಗಿತ್ತು. ಬೆನ್ನಿಗೆ ನಲವತ್ತು ಅಂದರೆ ಕೈಗೆ ಐವತ್ತಾದರೂ ಬೇಡವಾ? ಬೆನ್ನು ಯಾರಿಗೆ ಕಾಣುತ್ತದೆ? ಶರ್ಟ್ ಹಾಕಿದರೆ ಮುಗಿಯಿತು.

ಒಂಬತ್ತು ಸಾಲಿಗಿಂತ ಹೆಚ್ಚಾಯಿತು. ಹೊಟ್ಟೆಕಿಚ್ಚು ಒಳ್ಳೆಯ ಎಕ್ಸರ್‌ಸೈಜ್.

ಆಗಸ್ಟ್ 5. ಮಧ್ಯಾಹ್ನ 3

ಮೂವತ್ತು.

ಅದಕ್ಕಿಂತ ದೊಡ್ಡದು ಬೇರೆ ಉಂಟು. ಬೋರ್ಡ್ ಆಫೀಸಿನ ಸುಬೇದಾರ್ ಸಾಬ್ ಕಾಗದದ ಮೇಲೆ ಬೆರಳಿಟ್ಟು "ನಾನಾ" ಅಂದರು.

"ಯಾರ ನಾನಾ ಸಾಬ್? ನಮ್ಮಮ್ಮನ ಅಪ್ಪ ತೀರಿಹೋಗಿ ಮೂವತ್ತು ವರ್ಷ ಆಯಿತಲ್ಲ" ಅಂದೆ. ಕ್ಯೂನಲ್ಲಿದ್ದವರೆಲ್ಲ ನಕ್ಕರು. ಸಾಬ್ ನಗಲಿಲ್ಲ. ಅದು ಯಾವುದೋ ಇಂಗ್ಲಿಷ್ ಪದಗಳ ಮೊದಲ ಅಕ್ಷರವಂತೆ. ಅರ್ಥ — ಈ ಗಾಯ ಡ್ಯೂಟಿಯಿಂದ ಬಂದದ್ದೂ ಅಲ್ಲ, ಡ್ಯೂಟಿಯಿಂದ ಹೆಚ್ಚಾದದ್ದೂ ಅಲ್ಲ. ಹಾಗಾಗಿ ಡಿಸೆಬಿಲಿಟಿ ಪೆನ್ಷನ್ ಇಲ್ಲ. ಹೊರಗೆ ಹೋದ ಮೇಲೆ ಕೆಲಸದ ಕ್ಯೂನಲ್ಲಿ ಮುಂದಿನ ಜಾಗವೂ ಇಲ್ಲ.

"ಬರ್ನರ್ ಸಿಡಿದದ್ದು ಲಂಗರಿನಲ್ಲಿ ಸಾಬ್. ಬಾರ್ಡರಿನಲ್ಲಿ. ಬೆಳಗಿನ ಚಹಾ ಕುದಿಸುವಾಗ. ಲಂಗರಿಗೆ ಇದಕ್ಕಿಂತ ಯಾವ ಡ್ಯೂಟಿ?"

ಫೈಲ್ ತಿರುಗಿಸಿದರು. 2002 ಜನವರಿಯ ಇಂಜುರಿ ರಿಪೋರ್ಟ್. ಇಂಗ್ಲಿಷಿನಲ್ಲಿದ್ದದ್ದನ್ನು ಓದಿ ಹಿಂದಿಯಲ್ಲಿ ಹೇಳಿದರು — ಘಟನೆಯ ಹೊತ್ತಿಗೆ ಈ ಜವಾನ ಕುಣಿಯುತ್ತಿದ್ದ. ಕೆಳಗೆ ನನ್ನ ಎಡಗೈ ಹೆಬ್ಬೆಟ್ಟು. ಬಲಗೈಗೆ ಆವತ್ತು ಬ್ಯಾಂಡೇಜ್.

ಕುಣಿಯುತ್ತಿದ್ದನಂತೆ! ಸ್ವಂತ ಮದುವೆಯಲ್ಲೂ ಕುಣಿಯದವನು.

ಹೊರಗೆ ಬಂದು ಬೆಂಚಿನ ಮೇಲೆ ಕೂತು ಕನ್ನಡದಲ್ಲಿ ಕೇಳಿಕೊಂಡೆ. ನಾನಾ? ಕುಣಿದದ್ದು ನಾನಾ?

ಆಗಸ್ಟ್ 8, ಭಾನುವಾರ. ಅಹಮದಾಬಾದ್

ಎರಡು ದಿನ ರಜೆ. ಸ್ಯಾಟಲೈಟ್ ಅನ್ನುವ ಬಡಾವಣೆಯಲ್ಲಿ ಭಾವನ ಹೋಟೆಲ್. ವಿಠ್ಠಲ ಭಾವ ಅಂದರೆ ನನ್ನ ಹೆಂಡತಿ ನಾಗವೇಣಿಯ ಅಣ್ಣ. ನಾನು ಬಾರ್ಡರ್, ಆಸ್ಪತ್ರೆ ಅಂತ ಸುತ್ತುವಾಗ ಇವಳೂ ಮಗಳು ತನ್ವಿಯೂ ಅವರ ಮಾಳಿಗೆಯಲ್ಲೇ ಇರುವುದು. ಇವಳು ಬೆಳಿಗ್ಗೆ ಐದಕ್ಕೆ ಇಳಿದು ಹೋಟೆಲಿನ ಹಿಟ್ಟು ನೋಡುತ್ತಾಳೆ.

ಗಿರಾಕಿ ಎದುರು ಜೋಕ್ ಮಾಡುತ್ತಾ ಕೂತಿದ್ದೆ. ಸಾಂಬಾರಿಗೆ ಇನ್ನಷ್ಟು ಬೆಲ್ಲ ಕೇಳಿದ ಕಾಕಾನಿಗೆ, "ಪಾಯಸವೇ ಕೊಡ್ತೇವೆ ಕಾಕಾ, ಅದಕ್ಕೆ ಇಡ್ಲಿ ಅದ್ದಿ" ಅಂದೆ. ಅವರು ಹೂಂ ಅಂದರು!

ಮಧ್ಯಾಹ್ನ ತನ್ವಿಗೆ ಎಲ್ಲ ಹೇಳಿದೆ. ಎಂಟನೇ ಕ್ಲಾಸು. ಆಗಲೇ ನನಗಿಂತ ಒಂದು ಕ್ಲಾಸ್ ಜಾಸ್ತಿ.

"ಪಪ್ಪಾ, ಕ್ಲಾರ್ಕ್‌ಗೆ ನೀವು ಎಕ್ಸಾಕ್ಟ್ ಕ್ಯಾ ಬೋಲಾ?"

ನೆನಪಿದೆ. ಟೆಂಟಿನಲ್ಲಿ ಮಲಗಿದ್ದೆ. ಇಂಜೆಕ್ಷನ್ ಕೊಟ್ಟಿದ್ದರು. ಸುತ್ತ ನಿಂತ ಹುಡುಗರೆಲ್ಲ ಅಳುವ ಮುಖ ಮಾಡಿದ್ದರು, ನಗಿಸೋಣ ಅಂತ ನಗುತ್ತಲೇ ಇದ್ದೆ. ಕ್ಲಾರ್ಕ್ ಪೆನ್ನು ಹಿಡಿದು ಕ್ಯಾ ಹುಆ ಅಂದ. ಮರಳಿನ ಮೇಲಿಟ್ಟ ಬರ್ನರ್ ಗಡಗಡ ಕುಣಿಯುತ್ತಿತ್ತು. ಅದನ್ನೇ ಹೇಳಿದೆ — "ನಾಚ್ ರಹಾ ಥಾ ಸಾಬ್, ಫಿರ್ ಧಡಾಮ್."

"ಕೌನ್ ನಾಚ್ ರಹಾ ಥಾ?"

"ಬರ್ನರ್! ಮತ್ಯಾರು?"

"ಬರ್ನರ್ ಬೋಲಾ ಥಾ ಕ್ಯಾ?"

ಇಲ್ಲ.

"ಪಪ್ಪಾ, ಕರ್ತಾ ನಹೀ ಹೈ! ನಮ್ಮ ಹಿಂದಿ ಟೀಚರ್ ಕರ್ತಾ ಬಿಟ್ರೆ ಫುಲ್ ಮಾರ್ಕ್ಸ್ ಕಟ್ ಮಾಡ್ತಾರೆ."

ಕರ್ತಾ ಅಂದರೆ ಕೆಲಸ ಮಾಡಿದವನು. ನಮ್ಮಲ್ಲಿ ಅದೆಲ್ಲ ಯಾಕೆ? ‘ಕುಣೀತಿತ್ತು’ ಅಂದರೆ ಬರ್ನರ್, ‘ಕುಣೀತಿದ್ದೆ’ ಅಂದರೆ ನಾನು. ಮಾತಿನ ಬಾಲ ನೋಡಿದರೆ ಸಾಕು. ಹಿಂದಿಯಲ್ಲಿ ನನಗೂ ಅವನಿಗೂ ಬರ್ನರಿಗೂ ಒಂದೇ ಬಾಲ. ಹದಿನೆಂಟು ವರ್ಷ ಕನ್ನಡದ ತಲೆಯಲ್ಲಿ ಹಿಂದಿ ಮಾತಾಡಿದೆ. ಯಾರೂ ಮಾರ್ಕ್ಸ್ ಕಟ್ ಮಾಡಿರಲಿಲ್ಲ. ಈಗ ಒಟ್ಟಿಗೆ ಮಾಡಿದರು.

ಆವತ್ತು ಲಂಗರಿನಲ್ಲಿ ಇದ್ದದ್ದು ಇನ್ನೊಬ್ಬನೇ. ಚಹಾಕ್ಕೆ ಮಗ್ ಹಿಡಿದು ಬಂದಿದ್ದ ಭೀಮಸೇನ. "ಒಲೆ ಕುಣೀತಾ ಉಂಟು, ಓಡು ಮಾರಾಯ" ಅಂತ ಕೂಗಿ ಅವನನ್ನು ತಳ್ಳಿದ್ದೆ. ಆರೂವರೆ ಅಡಿ ಆಳು, ತಳ್ಳುವುದಕ್ಕೇ ಹೊತ್ತು ಹೋಯಿತು.

ನಾಗವೇಣಿ ಉದ್ದಿನ ಹಿಟ್ಟಿನ ಕೈಯಲ್ಲೇ ಹೇಳಿದಳು, "ಭೀಮಣ್ಣನಿಗೆ ಫೋನ್ ಮಾಡಿ. ಅವರು ಬಂದು ಒಂದು ಮಾತು ಹೇಳಿದ್ರೆ ಸಾಕು. ಅವರ ಮಾತಿಗೆ ತೂಕ ಉಂಟು."

"ನನ್ನ ಮಾತಿಗೆ?"

"ನಿಮ್ಮ ಮಾತಿಗೆ ನಗು ಉಂಟಲ್ಲ, ಸಾಲದಾ?"

ಎಲ್ಲ ಬಿಟ್ಟು ಭೀಮಣ್ಣ! ಇವಳು ಅವನನ್ನು ನೋಡಿದ್ದು ಒಟ್ಟು ಮೂರು ಸಲ.

ಸೆಪ್ಟೆಂಬರ್ 12. ಬರೋಡ

ಸುಬೇದಾರ್ ಸಾಬ್ ಹೇಳಿದರು — ಅರ್ಜಿ ಹಾಕಿದ್ದೀಯ, ಸರಿ. ಕಣ್ಣಾರೆ ಕಂಡವನನ್ನು ಕರೆದುಕೊಂಡು ಬಾ. ನವೆಂಬರ್ 24ಕ್ಕೆ ಮತ್ತೆ ಕೂರುತ್ತಾರೆ. ಹೇಳಿಕೆ ಸರಿ ಕಂಡರೆ ರಿಪೋರ್ಟ್ ತಿದ್ದಿಸಲು ಯೂನಿಟ್ಟಿಗೆ ಕಳಿಸುತ್ತಾರೆ.

ಎಸ್‌ಟಿಡಿ ಬೂತಿನಿಂದ ಭೀಮಸೇನನಿಗೆ ಮಾಡಿದೆ. ಮೊಬೈಲ್ ಇಟ್ಟಿದ್ದಾನೆ! ಸೂರತ್ ಪಕ್ಕ ಸಚಿನ್‌ನಲ್ಲಿ ಬಣ್ಣದ ಫ್ಯಾಕ್ಟರಿಯ ಗೇಟಿಗೆ ಸೂಪರ್‌ವೈಸರ್. ಡ್ಯೂಟಿಯಲ್ಲಿ ಗಾಯವಾದ ಫೌಜಿ ಅಂತ ಕರೆದು ಕೊಟ್ಟ ಕೆಲಸ.

"ಯಾಕ ಬರಂಗಿಲ್ಲೋ ವಾಮ್ಯಾ? ಇಪ್ಪತ್ನಾಕಕ್ಕ ನನ್ನೂ ಕರದಾರ. ಎರಡ ವರ್ಷ ಆತಲ್ಲ, ಮತ್ತ ಬೆನ್ನ ನೋಡತಾರಂತ. ಒಂದ ದಿನ, ಎರಡೂ ಕೆಲಸಾ."

"ನಿನ್ನ ಬೆನ್ನಿಗೆ ಎರಡು ವರ್ಷದ ಗ್ಯಾರಂಟಿ ಮಾತ್ರವಾ? ಪ್ರೆಷರ್ ಕುಕ್ಕರಿಗೂ ಐದು ಕೊಡ್ತಾರೆ ಮಾರಾಯ" ಅಂದೆ.

ನಗಲಿಲ್ಲ. ನನ್ನ ಜೋಕಿಗೆ ಅವನು ಯಾವತ್ತೂ ನಕ್ಕಿಲ್ಲ. ಯೂನಿಟ್ಟಿನಲ್ಲಿ ನಗದವನು ಅವನೊಬ್ಬನೇ. ಕರ್ನಲ್ ಸಾಹೇಬರೂ ನಗುತ್ತಿದ್ದರು.

ಅಕ್ಟೋಬರ್ 22, ದಸರಾ. ಸೂರತ್ ಸ್ಟೇಷನ್, ಸಂಜೆ 5. ಗಾಡಿ ಲೇಟ್

ಸಚಿನ್‌ಗೆ ಹೋಗಿ ಬಂದೆ. ಭೀಮಸೇನ ಹೇಳಿಕೆಯನ್ನು ಮೊದಲೇ ಬರೆದು ಸಹಿ ಹಾಕಿಕೊಡುತ್ತೇನೆ ಅಂದಿದ್ದ.

ಗೇಟಿನಲ್ಲಿ ಕುರ್ಚಿ. ಕುರ್ಚಿಗೆ ಸ್ಪಂಜಿನ ದಿಂಬು, ಬೆನ್ನಿಗೆ ಅಂತ ಕಂಪನಿಯವರೇ ಕೊಟ್ಟದ್ದು. ಇಸ್ತ್ರಿ ಮಾಡಿದ ನೀಲಿ ಯೂನಿಫಾರ್ಮ್. ಕೊರಳಿಗೆ ಸೀಟಿ. ಒಳಗೆ ಹೋಗುವವರೆಲ್ಲ ಅವನಿಗೆ ಕೈ ಎತ್ತಿ ಹೋಗುತ್ತಾರೆ. ನಾನು ಎರಡು ನಿಮಿಷ ಹೊರಗೇ ನಿಂತು ನೋಡಿದೆ. ಆ ದಿಂಬಿನ ಮೇಲೆ ಕೂರಬೇಕು ಅನಿಸಿತು. ಸುಮ್ಮನೆ, ಒಂದೇ ನಿಮಿಷ.

ಅವನ ಬೋರ್ಡಿನ ಕಾಗದ ಪ್ಲಾಸ್ಟಿಕ್ ಕವರಿನಲ್ಲಿತ್ತು. ಒಂದು ಪದಕ್ಕೆ ಬೆರಳಿಟ್ಟು, "ಇದ ನೋಡಪಾ, ಅಟ್ರಿಬ್ಯುಟೇಬಲ್. ಡ್ಯೂಟಿಯಿಂದ ಆಗಿದ್ದಂತ. ನಿಂದರಾಗೂ ಇದ ಬರಬೇಕು" ಅಂದ. ಪದದ ಸ್ಪೆಲ್ಲಿಂಗ್ ನೋಡಿಕೊಂಡೆ. ಉದ್ದ ಇದೆ. ಚೆಂದ ಇದೆ. ನಾಗವೇಣಿಯನ್ನು ನೋಡಲು ಹೋದ ದಿನ ಅವಳ ಮುಖವನ್ನೂ ಇಷ್ಟು ಹೊತ್ತು ನೋಡಿರಲಿಲ್ಲ.

ಅವನ ಹೆಂಡತಿ ಯಶೋದಾ ಜೋಳದ ರೊಟ್ಟಿ ಕಟ್ಟಿಕೊಂಡು ಮಗಳ ಜೊತೆ ಬಂದಿದ್ದಳು. ಅಂಗಳದಲ್ಲಿ ಮೆಷಿನ್‌ಗಳಿಗೆ ಹೂ, ಕುಂಕುಮ. ಪೂಜೆ ಆದ ಮೇಲೆ ಆಫೀಸಿನ ಹೆಂಗಸರು ಢೋಲಕ್ ತರಿಸಿ ಗರ್ಬಾ ಶುರು ಮಾಡಿದರು. ಮಗಳು ಆಶ್ರಿತಾ ಅಪ್ಪನ ಕೈ ಹಿಡಿದು ಎಳೆದಳು. ಎದ್ದ. ಹೋದ. ಎರಡು ಸುತ್ತು. ಬಗ್ಗುತ್ತಾನೆ, ಚಪ್ಪಾಳೆ ತಟ್ಟುತ್ತಾನೆ, ತಿರುಗುತ್ತಾನೆ. ನಲವತ್ತು ಪರ್ಸೆಂಟ್ ಕುಣಿಯುತ್ತಿತ್ತು!

ನಾನು ಕುಣಿಯದೇ ‘ಕುಣಿದ’ ಅಂತ ಬರೆಸಿಕೊಂಡವನು. ಇವನು ಕುಣಿದೂ...

ಆಮೇಲೆ ಕ್ಯಾಬಿನ್ ಹಿಂದೆ ಬಂದ. ಗೋಡೆ ಹಿಡಿದ. ಮುಖದ ತುಂಬ ಬೆವರು. ಯಶೋದಾ ಶರ್ಟ್ ಎತ್ತಿ ಪಟ್ಟಿ ಬಿಗಿದಳು. ರಟ್ಟಿನ ಮೇಲೆ ಮಲಗಿಸಲು ನಾನೂ ಹಿಡಿಯಬೇಕಾಯಿತು.

"ಇನ್ನ ಎರಡ ದಿನಾ ಏಳಂಗಿಲ್ಲ ಇವರು" ಅಂದಳು. "ಮಗಳು ಕರದ್ಲಂದ್ರ ಒಲ್ಲೆ ಅನ್ನಾಂಗಿಲ್ಲ. ಏನ ಮಾಡೂದ್ರಿ ಅಣ್ಣಾ."

ಮಲಗಿಕೊಂಡೇ ಕೇಳಿದ, "ಕೈ ಹೆಂಗದನೋ?"

"ನಿನ್ನ ಬೆನ್ನಿಗಿಂತ ಹತ್ತು ಪರ್ಸೆಂಟ್ ಚೆನ್ನಾಗಿದೆ ಮಾರಾಯ, ಸರಕಾರವೇ ಹೇಳಿದೆ."

ನಗಲಿಲ್ಲ. ಮಲಗಿಕೊಂಡೇ ಹೇಳಿಕೆ ಬರೆದ. ಅಕ್ಷರ ಸೊಟ್ಟ ಬಂತು ಅಂತ ಹರಿದು ಮತ್ತೊಂದು ಬರೆದ.

ಗಾಡಿ ಬಂತು.

ನವೆಂಬರ್ 10

ಹದಿನೆಂಟು ದಿನ ಬರೆದಿಲ್ಲ. ಮೇಡಂ ಬೈದರು. ಬರೆಯಲು ಕೂತರೆ ಅದೇ ಬರುತ್ತದೆ — ಕುರ್ಚಿ, ದಿಂಬು, ಸೀಟಿ.

ಡಿಸ್ಚಾರ್ಜ್ ಡೇಟ್ ಬಂತು. ನವೆಂಬರ್ 30. ಕಿಟ್ ವಾಪಸ್ ಕೊಡಬೇಕು. ಅಷ್ಟರೊಳಗೆ ರಿಪೋರ್ಟ್ ತಿದ್ದದಿದ್ದರೆ ‘ಕುಣಿದು ಕೆಟ್ಟ ಲಂಗರಿ’ ಅಂತಲೇ ಹೊರಗೆ ಹೋಗುತ್ತೇನೆ. ಭಾವನ ಹೋಟೆಲಿನಲ್ಲಿ ಗಿರಾಕಿ ನಗಿಸುವ ಕೆಲಸ. ಭಾವ ಒಳ್ಳೆಯವನೇ. ಆದರೂ.

ಆವತ್ತು ತಳ್ಳಬಾರದಿತ್ತು ಅನಿಸಿತು. ಅವನನ್ನು ತಳ್ಳುವಷ್ಟು ಹೊತ್ತಿನಲ್ಲಿ ನಾನೇ ಹೊರಗೆ ಓಡಿದ್ದರೆ ಈ ಕೈ ಇರುತ್ತಿತ್ತು. ಅವನ ಮುಖ...

ಬರೆದದ್ದನ್ನು ಹೊಡೆದು ಹಾಕಿದೆ. ಮತ್ತೆ ಬರೆದೆ. ಮೇಡಂ ಬಂದು ಟಿಕ್ ಹಾಕಿದರು. ವೆರಿ ಗುಡ್.

ನವೆಂಬರ್ 24. ಬೆಳಿಗ್ಗೆ 11. ಬೋರ್ಡ್ ಹೊರಗಿನ ಬೆಂಚ್

ನಿನ್ನೆ ನಾಗವೇಣಿ ಭಾವನ ಕೈಯಲ್ಲಿ ಎರಡು ಡಬ್ಬಿ ಕಳಿಸಿದ್ದಳು. ನನ್ನದು ಸಣ್ಣದು. ದೊಡ್ಡದರ ಮೇಲೆ ಚೀಟಿ — ಭೀಮಣ್ಣನಿಗೆ.

ಅವನು ಎಂಟಕ್ಕೇ ಬಂದ. ಗೇಟಿನ ಸಂತ್ರಿ ಸೆಲ್ಯೂಟ್ ಹೊಡೆದ. ಯೂನಿಫಾರ್ಮ್ ನೋಡಿ ಯಾವ ಸಾಹೇಬರೋ ಅಂದುಕೊಂಡಿರಬೇಕು. ಬೋರ್ಡಿನ ದೊಡ್ಡ ಡಾಕ್ಟರು, ಮೇಜರ್ ಸಾಹೇಬರು, ಅವನಿಗೆ "ಆಯಿಯೇ ಭೀಮಸೇನ್ ಜೀ" ಅಂದರು. ನನಗೆ "ಓಯ್ ಲಂಗರಿ, ತುಮ್ ಭೀ." ನಾನು ಹಲ್ಲು ಕಿರಿದೆ. ಅಭ್ಯಾಸ.

ಅವನ ಬೆನ್ನಿನ ಎಕ್ಸ್‌ರೇ ತೆಗೆಯಲು ಕರೆದುಕೊಂಡು ಹೋದರು. ಸಾಹೇಬರು ಅವನ ಫೈಲ್ ಹಿಡಿದೇ ಚಹಾಕ್ಕೆ ಹೊರಗೆ ಬಂದರು. ನನ್ನನ್ನು ನೋಡಿ, ಹಿಂದಿಯಲ್ಲಿ, ಸುಮ್ಮನೆ ಕೇಳಿದ ಹಾಗೆ — ನಿನ್ನ ಗೆಳೆಯ ಮನೆಯಲ್ಲಿ ಹೇಗಿದ್ದಾನೆ?

ಬಾಯಿಯಿಂದ ಬಂತು.

"ನಾಚ್ ರಹಾ ಹೈ ಸಾಬ್!"

ಬೆಂಚಿನ ಮೇಲಿದ್ದ ಐದೂ ಜನ ನಕ್ಕರು. ಆ ನಗು ಕೇಳಿದರೆ ನನಗೆ ಬ್ರೇಕ್ ಹಿಡಿಯುವುದಿಲ್ಲ. ದಸರಾಕ್ಕೆ ಎರಡು ಸುತ್ತು ಗರ್ಬಾ, ನನ್ನ ಕಣ್ಣಾರೆ ನೋಡಿದೆ ಸಾಬ್, ಸೂರತ್ತಿನ ಹೆಂಗಸರೆಲ್ಲ ಹಿಂದೆ ಉಳಿದರು — ಅಂತ ಎದ್ದು ನಿಂತು ಚಪ್ಪಾಳೆ ತಟ್ಟಿ ತೋರಿಸಿದೆ. ಈ ಕೈಯಲ್ಲೇ.

ಸಾಹೇಬರು ನಗಲಿಲ್ಲ. ಪೆನ್ನು ತೆಗೆದು ಫೈಲಿನ ಮೇಲೆ ಏನೋ ಬರೆದುಕೊಂಡರು. ಒಂದೇ ಸಾಲು.

ರಟ್ಟಿನ ಮೇಲೆ ಮಲಗಿಸಿದ್ದು ಹೇಳಲಿಲ್ಲ. ಹೇಳುವಷ್ಟರಲ್ಲಿ ಒಳಗೆ ಹೋದರು. — ಸುಳ್ಳು. ಹೊತ್ತಿತ್ತು. ಅವರು ಚಹಾ ಪೂರ್ತಿ ಕುಡಿದೇ ಹೋದದ್ದು.

ನವೆಂಬರ್ 24. ಸಂಜೆ 4

ನನ್ನದು ಮಧ್ಯಾಹ್ನ ಎರಡಕ್ಕೆ. ಭೀಮಸೇನ ಸಾಕ್ಷಿ. ಕೂತು ಹೇಳಿ ಅಂದರು. ಕೂತರೆ ಏಳುವುದು ಕಷ್ಟ, ನಿಂತೇ ಹೇಳುತ್ತೇನೆ ಅಂದ. ಒಬ್ಬ ಡಾಕ್ಟರು ಇನ್ನೊಬ್ಬರ ಮುಖ ನೋಡಿದರು. ನಾನು ನೆಲ ನೋಡಿದೆ.

ಹಿಂದಿಯನ್ನು ಅವನು ರೊಟ್ಟಿ ತಟ್ಟಿದ ಹಾಗೆ ಮಾತಾಡುತ್ತಾನೆ. ನಿಧಾನ, ಒಂದೊಂದೇ.

"ಬರ್ನರ್ ನಾಚ್ ರಹಾ ಥಾ, ಸಾಬ್. ವಾಮನ್ ನಹೀ. ಬರ್ನರ್. ವಾಮನ್ ನೇ ಮುಝೇ ಧಕ್ಕಾ ದಿಯಾ. ಫಿರ್ ವಾಮನ್ ಕಾ ಹಾಥ್ ಜಲಾ. ಮೇರಾ ಮುಹ್ ನಹೀ ಜಲಾ."

ಕುಣಿದದ್ದು ಬರ್ನರ್, ತಳ್ಳಿದ್ದು ನಾನು, ಸುಟ್ಟದ್ದು ನನ್ನ ಕೈ, ಸುಡದೆ ಉಳಿದದ್ದು ಅವನ ಮುಖ — ಎಲ್ಲದಕ್ಕೂ ಕರ್ತಾ ಇತ್ತು. ತನ್ವಿಯ ಟೀಚರ್ ನೂರಕ್ಕೆ ನೂರು ಕೊಡುತ್ತಿದ್ದರು.

ಸಾಹೇಬರು ರಿಪೋರ್ಟ್ ತಿದ್ದಿಸಲು ಬರೆಯುತ್ತೇವೆ ಅಂದರು. ಹೊರಗೆ ಸುಬೇದಾರ್ ಸಾಬ್ ಬೆನ್ನು ತಟ್ಟಿದರು — ಯೂನಿಟ್ಟಿನ ಉತ್ತರ ಬರಲಿ, ಮೇಜರ್ ಸಾಹೇಬರ ಸಹಿ ಬಿದ್ದರೆ ಆ ಪದ ನಿನ್ನದು.

ಭೀಮಸೇನ ದೊಡ್ಡ ಡಬ್ಬಿ ಬಿಚ್ಚಿ ನನ್ನ ಮುಂದೆ ಇಟ್ಟ. "ನೀರದೋಸಿ ಮಸ್ತ ಅದಾವ. ನೀನೂ ತಿನ್ನೋ."

ತಿಂದೆ. ಡಬ್ಬಿಯನ್ನು ಅವನ ಕಡೆಗೇ ತಳ್ಳಿದೆ.

ಡಿಸೆಂಬರ್ 5, ಭಾನುವಾರ. ಅಹಮದಾಬಾದ್

ಮನೆಗೆ ಬಂದು ಐದು ದಿನ. ಈಗ ಮೇಡಂ ಇಲ್ಲ, ಟಿಕ್ ಇಲ್ಲ.

ಬೆಳಿಗ್ಗೆ ಹೋಟೆಲಿನ ಫೋನಿಗೆ ಭೀಮಸೇನ.

"ಹದಿನೈದ ಮಾಡ್ಯಾರಂತೋ ವಾಮ್ಯಾ. ನಲವತ್ತಿತ್ತು. ಇಪ್ಪತ್ತರ ಕೆಳಗ ಇಳೀತಂದ್ರ ಪೆನ್ಷನ್ ಇಲ್ಲಂದಂಗನ." ಆಮೇಲೆ ಹೇಳಿದ, "ಕಂಪನ್ಯಾಗ ಕಾಗದ ಕೇಳ್ಯಾರ. ಬೆನ್ನ ಸುದ್ದ ಆಗೇದಂದ್ರ ಕುರ್ಚಿ ಯಾಕ, ಮುಂದಿನ ತಿಂಗಳಿಂದ ರೌಂಡ್ ಹೊಡಿ ಅಂತಾರ. ಎಂಟ ತಾಸ ಅಡ್ಡ್ಯಾಡಾಕ ಆಗತದೇನೋ ನನಗ?"

ಹಿಂದೆ ಗ್ರೈಂಡರ್ ತಿರುಗುತ್ತಿತ್ತು.

"ಯಾರೋ ಸಾಹೇಬರ ಮುಂದ ಹೇಳ್ಯಾರಂತ, ಭೀಮಸೇನ ಕುಣ್ಯಾಕತ್ಯಾನಂತ. ಯಾರಿರಬೇಕೋ?"

ಹೇಳಬೇಕು. ಬಾಯಿ ತೆರೆದೆ. ಹೊರಬಿದ್ದದ್ದು ಒಂದೇ ಪದ.

"ನಾನಾ?"

ಅವನು ನಕ್ಕ. ಭೀಮಸೇನ ನಕ್ಕ! ಜೋರಾಗಿ. ಅಯ್ಯಯ್ಯೋ ಬೆನ್ನ, ಬೆನ್ನ ಅಂದುಕೊಂಡು ನಕ್ಕ.

"ನಿನ್ನ ಚ್ಯಾಷ್ಟಿ ಬಿಡಂಗಿಲ್ಲ ನೋಡು ನೀ" ಅಂದ. ಫೋನ್ ಇಟ್ಟ.

ಇಷ್ಟು ವರ್ಷ ಕಾದ ನಗು.

ಡಿಸೆಂಬರ್ 9. ಬೆಳಿಗ್ಗೆ 11

ಕೊನೆಗೆ ಸುಬೇದಾರ್ ಸಾಬ್‌ಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಫೋನ್ ಹಿಡಿದೇ ಫೈಲ್ ಹುಡುಕಿದರು. ಆಮೇಲೆ — ಬರೆದು ಕಳಿಸು, ಅವನ ಫೈಲ್ ಇನ್ನೂ ಇಲ್ಲೇ ಇದೆ, ತೆರೆಯಬಹುದು. ಆದರೆ ನಿನ್ನದೂ ಅದೇ ಟೇಬಲ್ ಮೇಲಿದೆ, ಸಹಿ ಬಿದ್ದಿಲ್ಲ. ನಿನ್ನ ಒಂದು ಮಾತು ತಮಾಷೆ ಅಂತ ನೀನೇ ಬರೆದುಕೊಟ್ಟರೆ, ಬರ್ನರಿನ ಮಾತೂ ತಮಾಷೆ ಇರಬಹುದು ಅಂದಾರು ಸಾಹೇಬರು. ಯೋಚನೆ ಮಾಡು.

ನಾಗವೇಣಿಗೂ ಹೇಳಿದೆ. ಬೈಯಲಿಲ್ಲ. ಒಲೆ ಆರಿಸಿ ಬಂದು ಎದುರು ಕೂತಳು. "ಮಲಗಿಸಿದ್ದು ನೋಡಿದ್ರಿ ಅಲ್ವಾ ನೀವು?" ಅಂದಳು. ಅಷ್ಟೇ.

ತನ್ವಿ ಹಿಂದಿಗೆ ಮಾಡಿಕೊಡುತ್ತಾಳಂತೆ. ಕನ್ನಡದಲ್ಲಿ ಮೊದಲು ಬರೆಯಿರಿ ಅಂದಳು. ಅವಳ ಸ್ಕೂಲಿನ ಹಾಳೆಗೆ ಮೊದಲು ಇಲ್ಲಿ ಬರೆದು ನೋಡುತ್ತೇನೆ. ಮೂರು ಬೆರಳು ಸಾಕು.

ಮೇಜರ್ ಸಾಹೇಬರಿಗೆ ನಮಸ್ಕಾರ. ಭೀಮಸೇನ ದಸರಾ ದಿನ ಕುಣಿದದ್ದು ಎರಡೇ ಸುತ್ತು. ಆಮೇಲೆ ಎರಡು ದಿನ ಏಳಲಾರದೆ ಮಲಗಿದ. ಅವನನ್ನು ಹಿಡಿದು ಮಲಗಿಸಿಯೂ, ಅದನ್ನು ತಮಗೆ ಹೇಳಲಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳಲಿಲ್ಲ.

ತನ್ವಿ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಕನ್ನಡ ಅರ್ಧ ಅರ್ಧ ಓದುತ್ತಾಳೆ. "ಕೌನ್, ಪಪ್ಪಾ? ಯಾರು ಹೇಳಲಿಲ್ಲ?"

ಹೊಡೆದು ಹಾಕಿದೆ. ಮೊದಲಿನಿಂದ.

ಮೇಜರ್ ಸಾಹೇಬರಿಗೆ ನಮಸ್ಕಾರ.

ನಾನು